ಕ್ರೋಂಪೇಟೆ ಮತ್ತು ತೆರೆದ ಡ್ರೈವರ್

ಕ್ರೋಂಪೇಟೆಗೆ ಆ ಹೆಸರು ಬಂದುದು ಕ್ರೋಮ್ ಲೆದರ್ ಕಂಪನಿಯ ಚರ್ಮ ಹದಮಾಡುವ ಕಾರ್ಖಾನೆಯಿಂದ. ಸಿ. ರಾಜಂ ಅವರು 1949ರಲ್ಲಿ ಅಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸ್ಥಾಪಿಸಿದರು. ಅದೇ ಆವರಣದ ಎಯು-ಕೆಬಿಸಿ ಸಂಶೋಧನಾ ಕೇಂದ್ರವೂ ಚೆನ್ನೈನ ಸಿ-ಡ್ಯಾಕ್ ಸಂಸ್ಥೆಯೂ ಸೇರಿ 2005ರಲ್ಲಿ ಮುಕ್ತ ತಂತ್ರಾಂಶದ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ಆರಂಭಿಸಿದವು. ಬಾಸ್ ಲಿನಕ್ಸ್ ಆ ಪ್ರಯತ್ನದ ಫಲ; ಅದು ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವೂ ಒಂದು.

ಮುಕ್ತವಾಗಿರುವುದರ ಬೆಲೆಯನ್ನು ನೆಟ್‌ವರ್ಕ್ ಕಾರ್ಡಿನ ಚರಿತ್ರೆ ಚೆನ್ನಾಗಿ ತಿಳಿಸುತ್ತದೆ. 1990ರ ದಶಕದ ಎನ್‌ಇ2000 ಬಗೆಯ ಹಳೆಯ ಕಾರ್ಡುಗಳಲ್ಲಿ ಪೋರ್ಟ್ ವಿಳಾಸವನ್ನೂ ಇಂಟರಪ್ಟ್ ಸಂಖ್ಯೆಯನ್ನೂ ಜಂಪರ್‌ಗಳಿಂದ ನಾವೇ ಗೊತ್ತುಪಡಿಸಬೇಕಾಗಿತ್ತು. ಇಂಟರಪ್ಟ್ 3 ಎಂದರೆ ಎರಡನೆಯ ಸೀರಿಯಲ್ ಪೋರ್ಟಿನೊಡನೆ ಘರ್ಷಣೆ. ಲಿನಕ್ಸ್‌ನ ‘ಎನ್‌ಇ’ ಮಾಡ್ಯೂಲಿಗೆ ವಿಳಾಸವನ್ನು ಹೇಳಿಕೊಡದಿದ್ದರೆ ಅದಕ್ಕೆ ಕಾರ್ಡು ಕಾಣುತ್ತಿರಲಿಲ್ಲ. ಪಿಸಿಐ ಬಂದ ಮೇಲೆ ಈ ಹಂಚಿಕೆ ಯಂತ್ರದ ಪಾಲಿಗಾಯಿತು. ಡ್ರೈವರಿನ ಅಗತ್ಯ ಮಾತ್ರ ಉಳಿಯಿತು. ನಾಸಾದಲ್ಲಿದ್ದ ಡೊನಾಲ್ಡ್ ಬೆಕರ್ ಹಲವು ಈಥರ್ನೆಟ್ ಡ್ರೈವರ್‌ಗಳನ್ನು ಬರೆದು ಮೂಲಸಂಕೇತದೊಡನೆ ಲೋಕಕ್ಕೆ ಕೊಟ್ಟರು. 1994ರಲ್ಲಿ ಸಾಧಾರಣ ಪಿಸಿಗಳನ್ನು ಜೋಡಿಸಿ ಕಟ್ಟಿದ ಬೇವುಲ್ಫ್ ಗಣಕಸಮೂಹ ಅವುಗಳ ಆಧಾರದ ಮೇಲೆಯೇ ನಿಂತಿತು.

ಡ್ರೈವರಿನ ಮೂಲವನ್ನು ಮುಚ್ಚಿಟ್ಟ ಕಂಪನಿ ಕೈಬಿಟ್ಟ ದಿನ, ಸುಸ್ಥಿತಿಯ ಕಾರ್ಡೂ ಗುಜರಿ ಸೇರುತ್ತದೆ. ಮೂಲ ತೆರೆದಿದ್ದರೆ ಬಲ್ಲವರೊಬ್ಬರು ತಿದ್ದಿ ಉಳಿಸಬಹುದು. ಭಾಷೆಯ ತಂತ್ರಾಂಶಕ್ಕೂ ಇದೇ ನ್ಯಾಯ. ಹೊರನಾಡ ಕನ್ನಡಿಗರಾದ ನಾವು ಯಾರಿಗೂ ದೊಡ್ಡ ಮಾರುಕಟ್ಟೆಯಲ್ಲ; ನಮ್ಮ ಲಿಪಿಯ ತೊಡಕನ್ನು ನಾವೇ ಬಿಡಿಸಿಕೊಳ್ಳಬೇಕಾದರೆ ಮೂಲಸಂಕೇತ ನಮ್ಮ ಕೈಯಲ್ಲಿರಬೇಕು.