ಉತ್ಪನ್ನ ವಿನ್ಯಾಸದಲ್ಲಿ ಬಳಸುವ ವಸ್ತುಗಳು: ವರ್ಗೀಕರಣ ಮತ್ತು ಗುಣಲಕ್ಷಣಗಳು

(ಸಣ್ಣ ಕೈಗಾರಿಕೆ, ಕರಕುಶಲ ಘಟಕ ಹಾಗೂ ಗುಣಮಟ್ಟ ಪರವಾನಗಿ ಅರ್ಜಿದಾರರ ಮಾಹಿತಿಗಾಗಿ)

ಘಟಕದ ನೋಂದಣಿ, ಗುಣಮಟ್ಟದ ಪರವಾನಗಿ, ಸರ್ಕಾರಿ ಖರೀದಿಯ ಟೆಂಡರು, ಬ್ಯಾಂಕ್ ಸಾಲದ ಯೋಜನಾ ವರದಿ ಇವುಗಳ ಪೈಕಿ ಯಾವುದಕ್ಕೆ ಅರ್ಜಿ ಸಲ್ಲಿಸಿದರೂ, ಉತ್ಪನ್ನವನ್ನು ಯಾವ ವಸ್ತುವಿನಿಂದ ತಯಾರಿಸಲಾಗುತ್ತದೆ ಎಂಬ ವಿವರವನ್ನು ಒಂದಲ್ಲ ಒಂದು ಹಂತದಲ್ಲಿ ನೀಡಬೇಕಾಗುತ್ತದೆ. ಈ ಅಂಕಣದಲ್ಲಿ "ಸ್ಟೀಲ್", "ಪ್ಲಾಸ್ಟಿಕ್", "ಮರ" ಎಂದಷ್ಟೇ ಬರೆಯುವ ರೂಢಿಯಿದೆ. ಇವು ವಸ್ತುವಿನ ಕುಟುಂಬದ ಹೆಸರುಗಳೇ ಹೊರತು ವಸ್ತುವಿನ ಹೆಸರುಗಳಲ್ಲ. ಒಂದೇ ಕುಟುಂಬದಲ್ಲಿ ಊಟದ ತಟ್ಟೆಗೆ ಯೋಗ್ಯವಾದುದೂ ಅಯೋಗ್ಯವಾದುದೂ ಇರುತ್ತದೆ. ನೋಡಲು ಎರಡೂ ಒಂದೇ ರೀತಿ ಇರುವುದರಿಂದ, ದರ್ಜೆಯನ್ನು ಅರಿಯದೆ ಕಚ್ಚಾ ಸಾಮಗ್ರಿ ಖರೀದಿಸಿದ ತಯಾರಕರು ಮಾದರಿ ಪರೀಕ್ಷೆಯಲ್ಲಿ ವಿಫಲವಾದ ನಂತರವೇ ವ್ಯತ್ಯಾಸವನ್ನು ತಿಳಿಯುವಂತಾಗುತ್ತದೆ. ಅಷ್ಟರಲ್ಲಿ ಅಚ್ಚಿಗೆ ಮತ್ತು ಸಾಮಗ್ರಿಗೆ ಹಣ ತೊಡಗಿಸಿ ಆಗಿರುತ್ತದೆ.

ವರ್ಗೀಕರಣ

ಉತ್ಪನ್ನ ತಯಾರಿಕೆಯ ವಸ್ತುಗಳನ್ನು ಲೋಹಗಳು ಮತ್ತು ಮಿಶ್ರಲೋಹಗಳು, ಪಾಲಿಮರುಗಳು (ಪ್ಲಾಸ್ಟಿಕ್ ಮತ್ತು ರಬ್ಬರ್), ಪಿಂಗಾಣಿ ಹಾಗೂ ಗಾಜು, ಮರ, ಬಿದಿರು, ಅರಗು, ಚರ್ಮ, ನಾರು ಮೊದಲಾದ ನೈಸರ್ಗಿಕ ವಸ್ತುಗಳು ಮತ್ತು ಸಂಯುಕ್ತ ವಸ್ತುಗಳು ಎಂದು ಐದು ವರ್ಗಗಳಾಗಿ ವಿಂಗಡಿಸುವುದು ವಾಡಿಕೆ. ಸಂಯುಕ್ತ ವಸ್ತುಗಳೆಂದರೆ ಎರಡು ಅಥವಾ ಹೆಚ್ಚು ವಸ್ತುಗಳು ತಮ್ಮ ಗುರುತು ಕಳೆದುಕೊಳ್ಳದೆ ಕೂಡಿರುವಂಥವು. ಗಾಜಿನ ನಾರು ಮತ್ತು ರಾಳದಿಂದಾದ ಫೈಬರ್ ಗ್ಲಾಸ್, ಪದರಗಳನ್ನು ಅಂಟಿಸಿದ ಪ್ಲೈವುಡ್ ಇದಕ್ಕೆ ಉದಾಹರಣೆ. ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತು ಕರಗಿ ಒಂದಾಗಿರುವುದರಿಂದ ಅದು ಮಿಶ್ರಲೋಹವೇ ಹೊರತು ಸಂಯುಕ್ತ ವಸ್ತುವಲ್ಲ.

ಗುಣಲಕ್ಷಣಗಳು

ಬಲ, ಬಿಗುತನ, ಗಡಸುತನ ಎಂಬ ಮೂರು ಪದಗಳನ್ನು ಆಡುಮಾತಿನಲ್ಲಿ ಒಂದೇ ಅರ್ಥದಲ್ಲಿ ಬಳಸಲಾಗುತ್ತದೆ. ವಿನ್ಯಾಸದಲ್ಲಿ ಇವು ಬೇರೆ ಬೇರೆ. ಮುರಿಯುವ ಅಥವಾ ಶಾಶ್ವತವಾಗಿ ರೂಪಗೆಡುವ ಮುನ್ನ ವಸ್ತು ಎಷ್ಟು ಭಾರವನ್ನು ತಡೆಯುತ್ತದೆ ಎಂಬುದು ಬಲ. ಭಾರ ಬಿದ್ದಾಗ ಎಷ್ಟು ಕಡಿಮೆ ಬಾಗುತ್ತದೆ ಎಂಬುದು ಬಿಗುತನ. ಮೇಲ್ಮೈ ಗೀರಿಗೆ ಮತ್ತು ಒತ್ತಿಗೆ ಒಡ್ಡುವ ಪ್ರತಿರೋಧ ಗಡಸುತನ. ಗಾಜು ಗಡಸಾದುದು, ಆದರೆ ಏಟು ತಾಳದು.

ಬಿಗುತನದ ಅಳತೆಯಾದ ಸ್ಥಿತಿಸ್ಥಾಪಕ ಗುಣಾಂಕವು ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ ಸುಮಾರು 70, ಪಾಲಿಪ್ರೊಪಿಲೀನ್‌ಗೆ ಸುಮಾರು 1.5. ಉಕ್ಕನ್ನು ಹದಗೊಳಿಸಿ ಬಲ ಮತ್ತು ಗಡಸುತನವನ್ನು ಹೆಚ್ಚಿಸಬಹುದು, ಬಿಗುತನವನ್ನು ಮಾತ್ರ ಬಹುಮಟ್ಟಿಗೆ ಬದಲಿಸಲಾಗದು. ಆದ್ದರಿಂದ ಬಾಗುತ್ತಿರುವ ಕಪಾಟಿನ ಹಲಗೆಗೆ ದುಬಾರಿ ದರ್ಜೆಯ ಉಕ್ಕನ್ನು ಬಳಸಿದಲ್ಲಿ ಖರ್ಚು ಹೆಚ್ಚುತ್ತದೆಯೇ ಹೊರತು ಬಾಗು ಕಡಿಮೆಯಾಗದು. ತಗಡಿನ ದಪ್ಪವನ್ನು ಎರಡರಷ್ಟು ಮಾಡಿದರೆ ಬಾಗುವಿಕೆಗೆ ಅದರ ಪ್ರತಿರೋಧ ಎಂಟರಷ್ಟಾಗುತ್ತದೆ. ದಪ್ಪ ಹೆಚ್ಚಿಸದೆ ಅಂಚನ್ನು ಮಡಚಿದರೂ ಬಹಳಷ್ಟು ಬಿಗಿ ಬರುತ್ತದೆ. ಊಟದ ತಟ್ಟೆಯ ಅಂಚನ್ನು ಸುರುಳಿಯಾಗಿ ಮಡಚುವುದು ಕೈಗೆ ಗಾಯವಾಗದಿರಲೆಂದು ಮಾತ್ರವಲ್ಲ.

ಇನ್ನು ಸಾಂದ್ರತೆ ಮತ್ತು ಉಷ್ಣವಾಹಕತೆ. ಘನ ಸೆಂಟಿಮೀಟರಿಗೆ ಉಕ್ಕು ಸುಮಾರು 7.85 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ, ಪಾಲಿಪ್ರೊಪಿಲೀನ್ 0.9 ಗ್ರಾಂ ತೂಗುತ್ತವೆ. ಶಾಖವನ್ನು ಸಾಗಿಸುವುದರಲ್ಲಿ ತಾಮ್ರವು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಸ್ಟೀಲ್ ಪಾತ್ರೆಯಲ್ಲಿ ಉರಿ ತಗಲಿದ ಜಾಗದಲ್ಲಷ್ಟೇ ಅಡುಗೆ ತಳಹಿಡಿಯುವುದಕ್ಕೂ, ತಳಕ್ಕೆ ತಾಮ್ರ ಅಥವಾ ಅಲ್ಯೂಮಿನಿಯಂ ಪದರ ಕೂಡಿಸುವುದಕ್ಕೂ ಇದೇ ಕಾರಣ.

ಲೋಹಗಳು

ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುವ ಉಕ್ಕನ್ನು ಸ್ಟೇನ್‌ಲೆಸ್ ಸ್ಟೀಲ್ ಎನ್ನಲಾಗುತ್ತದೆ. ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯನ್ನು ಕಟ್ಟುತ್ತದೆ. ತುಕ್ಕು ತಡೆಯುವುದು ಈ ಪೊರೆ. ಪಾತ್ರೆಗಳಿಗೆ ಪ್ರಸಿದ್ಧವಾದ 304 ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ ಹಾಗೂ ಶೇ. 8 ನಿಕ್ಕಲ್ ಇರುತ್ತದೆ. ನಿಕ್ಕಲ್ ದುಬಾರಿಯಾದುದರಿಂದ 201, 202 ಮೊದಲಾದ 200 ಸರಣಿಯ ದರ್ಜೆಗಳಲ್ಲಿ ಅದರ ಬಹುಪಾಲನ್ನು ಮ್ಯಾಂಗನೀಸ್ ತುಂಬುತ್ತದೆ. ಇವು ಬಲದಲ್ಲಿ ಕಡಿಮೆಯಲ್ಲ, ಹೊಳಪಿನಲ್ಲಿಯೂ ಕಡಿಮೆಯಲ್ಲ. ಆದರೆ ಉಪ್ಪು ಮತ್ತು ಹುಳಿಯ ಸಂಪರ್ಕದಲ್ಲಿ ಬೇಗನೆ ಚುಕ್ಕೆ ಚುಕ್ಕೆಯಾಗಿ ಕೊರೆತಕ್ಕೆ ಒಳಗಾಗುತ್ತವೆ. ಉಪ್ಪಿನಕಾಯಿ ಡಬ್ಬಿಗೂ ಅಕ್ಕಿ ಡಬ್ಬಿಗೂ ಒಂದೇ ದರ್ಜೆ ಸಾಕೆಂದು ಭಾವಿಸುವಂತಿಲ್ಲ.

ಅಂಗಡಿಗಳಲ್ಲಿ ಅಯಸ್ಕಾಂತ ಹಿಡಿದು ಸ್ಟೀಲನ್ನು ಪರೀಕ್ಷಿಸುವ ಪದ್ಧತಿ ವ್ಯಾಪಕವಾಗಿದೆ. ಈ ಪರೀಕ್ಷೆಯನ್ನು ನಂಬುವಂತಿಲ್ಲ. 304ರಂತೆಯೇ 202 ಕೂಡ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟದು. 304 ದರ್ಜೆಯನ್ನೇ ಆಳವಾಗಿ ಒತ್ತಿ ಪಾತ್ರೆ ಮಾಡಿದಾಗ ಅದರ ಮೂಲೆಗಳು ಅಲ್ಪಸ್ವಲ್ಪ ಅಂಟುವುದೂ ಉಂಟು. ಇನ್ನು 430 ದರ್ಜೆ ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ. ಅದೂ ನಿಜವಾದ ಸ್ಟೇನ್‌ಲೆಸ್ ಸ್ಟೀಲೇ. ಇಂಡಕ್ಷನ್ ಒಲೆಗೆ ಅಂಟುವ ತಳವೇ ಬೇಕಾಗುತ್ತದೆ. ದರ್ಜೆಯನ್ನು ತಿಳಿಯಲು ರಾಸಾಯನಿಕ ವಿಶ್ಲೇಷಣೆ ಅಥವಾ ಕಾರ್ಖಾನೆ ನೀಡುವ ಪರೀಕ್ಷಾ ಪ್ರಮಾಣಪತ್ರವೇ ಆಧಾರ. ಸ್ಟೇನ್‌ಲೆಸ್ ಸ್ಟೀಲ್ ಅಡುಗೆ ಪಾತ್ರೆಗಳಿಗೆ ಐಎಸ್ 14756, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್ 1660 ಭಾರತೀಯ ಮಾನಕಗಳಾಗಿವೆ.

ಅಲ್ಯೂಮಿನಿಯಂ ಹಗುರ, ಅಗ್ಗ, ಶಾಖವಾಹಕ. ಆದರೆ ಹುಳಿ ಹಾಗೂ ಸೋಡಾ ಎರಡೂ ಅದನ್ನು ಸವೆಸುತ್ತವೆ. ಗುಜರಿ ಲೋಹವನ್ನು ಕರಗಿಸಿ ಎರಕ ಹೊಯ್ದ ಪಾತ್ರೆಗಳಲ್ಲಿ ಸೀಸ ಸೇರಿರುವ ಸಾಧ್ಯತೆ ಇರುವುದರಿಂದ ಆಹಾರ ಸಂಪರ್ಕಕ್ಕೆ ಮೂಲ ತಿಳಿಯದ ಲೋಹವನ್ನು ಬಳಸಬಾರದು. ಹಿತ್ತಾಳೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಲೇತ್ ಯಂತ್ರದಲ್ಲಿ ಸುಲಭವಾಗಿ ಕಡೆಯಲು ಅನುಕೂಲವಾಗುವಂತೆ ಕೆಲವು ಹಿತ್ತಾಳೆ ಸರಳುಗಳಿಗೆ ಶೇ. 2ರಿಂದ 3ರಷ್ಟು ಸೀಸವನ್ನು ಬೆರೆಸಲಾಗಿರುತ್ತದೆ. ಬಾಗಿಲ ಹಿಡಿಕೆಗೆ ಅದು ಸರಿ, ನೀರಿನ ಲೋಟಕ್ಕೆ ಸಲ್ಲದು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ಹಾಕುವ ಕಲಾಯಿ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಶುದ್ಧ ತವರದ್ದಾಗಿರಬೇಕು. ಸೀಸ ಬೆರೆತ ತವರ ಅಗ್ಗವಾದರೂ ಅಪಾಯಕಾರಿ.

2005–06ನೇ ಸಾಲಿನಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೀದರಿನ ಬಿದ್ರಿ ಕಲೆಯ ಲೋಹವು ಬಹುಪಾಲು ಸತು, ಅಲ್ಪಪಾಲು ತಾಮ್ರ. ಬೀದರ್ ಕೋಟೆಯ ಹಳೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಈ ಮಿಶ್ರಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಕಪ್ಪಾಗದು. ಮಿಶ್ರಣದ ಪ್ರಮಾಣ ಬದಲಾದರೆ ಕಲೆಯೇ ಕೆಡುತ್ತದೆ.

ಪ್ಲಾಸ್ಟಿಕ್

ಬಿಸಿ ಮಾಡಿದಾಗ ಮೆತ್ತಗಾಗಿ ಮತ್ತೆ ಅಚ್ಚಿಗೆ ಒಗ್ಗುವಂಥವು ಒಂದು ಬಗೆ, ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗದಿರುವಂಥವು ಇನ್ನೊಂದು ಬಗೆ. ಕುಕ್ಕರಿನ ಹಿಡಿಗೆ ಬಳಸುವ ಬೇಕಲೈಟ್ ಎರಡನೆಯ ಬಗೆಯದು. ಮೊದಲನೆಯ ಬಗೆಯವುಗಳ ಮೇಲೆ ತ್ರಿಕೋನದೊಳಗೆ 1ರಿಂದ 7ರವರೆಗಿನ ಸಂಖ್ಯೆ ಮುದ್ರಿತವಾಗಿರುತ್ತದೆ: 1 ಪೆಟ್, 2 ಹೆಚ್ಚು ಸಾಂದ್ರತೆಯ ಪಾಲಿಥೀನ್, 3 ಪಿವಿಸಿ, 4 ಕಡಿಮೆ ಸಾಂದ್ರತೆಯ ಪಾಲಿಥೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಇತರೆ. 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಸಂಕೇತವು ಮರುಬಳಕೆಗಾಗಿ ಬೇರ್ಪಡಿಸಲು ಇರುವುದು. ಇದನ್ನು ಆಹಾರ ಸುರಕ್ಷತೆಯ ಗುರುತೆಂದು ಪ್ರಚಾರ ಮಾಡುವುದು ತಪ್ಪು.

ಪೆಟ್ ಸುಮಾರು 70ರಿಂದ 80 ಡಿಗ್ರಿಯಲ್ಲಿಯೇ ಮೆತ್ತಗಾಗುತ್ತದೆ. ಕುದಿನೀರು ಸುರಿದರೆ ಬಾಟಲಿ ಮುದುಡುವುದು ಇದರಿಂದ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುವುದರಿಂದ ಬುತ್ತಿ ಡಬ್ಬಿಗೆ ಯೋಗ್ಯ. ಆದರೆ ಬಿಸಿಲಿಗೆ ಅದು ಪೆಡಸಾಗುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕುಗಳ ಪಾಲಿಥೀನ್‌ಗೆ ಇಂಗಾಲದ ಕರಿಯನ್ನು ಬೆರೆಸುವುದು ಬಿಸಿಲನ್ನು ತಡೆಯಲು. ಕರ್ನಾಟಕದಲ್ಲಿ 2016ರ ಮಾರ್ಚ್ ಅಧಿಸೂಚನೆಯಂತೆ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮೊದಲಾದವುಗಳ ತಯಾರಿಕೆ ನಿಷಿದ್ಧವಾಗಿದೆ. ದೇಶದಾದ್ಯಂತ ಗುರುತಿಸಲಾದ ಏಕಬಳಕೆಯ ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಇಂತಹ ವಸ್ತುಗಳ ಘಟಕಕ್ಕೆ ಯೋಜನಾ ವರದಿ ಸಿದ್ಧಪಡಿಸುವ ಮುನ್ನವೇ ಈ ಪಟ್ಟಿಯನ್ನು ಪರಿಶೀಲಿಸತಕ್ಕದ್ದು.

ಮರ ಮತ್ತು ಅರಗು

ಮರವು ಎಳೆಯ ಉದ್ದಕ್ಕೆ ಒಂದು ಬಗೆಯಲ್ಲಿ, ಅಡ್ಡಕ್ಕೆ ಇನ್ನೊಂದು ಬಗೆಯಲ್ಲಿ ವರ್ತಿಸುತ್ತದೆ. ತೇವ ಆರಿದಾಗ ಉದ್ದದಲ್ಲಿ ಬಹುತೇಕ ಕುಗ್ಗದು. ಅಡ್ಡಕ್ಕೆ, ಅದರಲ್ಲಿಯೂ ವಾರ್ಷಿಕ ಬಳೆಗಳ ಗುಂಟ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಜೋಡಿಸಿದ ಪೆಟ್ಟಿಗೆಯ ಮುಚ್ಚಳ ಮಂಗಳೂರಿನ ಮಳೆಗಾಲದಲ್ಲಿ ಬಿಗಿಯಾಗಲು ಇದೇ ಕಾರಣ. ಆದ್ದರಿಂದ ಮರದ ಜಾತಿಯೊಡನೆ ತೇವಾಂಶವನ್ನೂ ನಮೂದಿಸುವುದು ಕ್ರಮ. ಸಾಮಾನ್ಯ ಪೀಠೋಪಕರಣಕ್ಕೆ ಶೇ. 12ರ ಆಸುಪಾಸಿಗೆ ಒಣಗಿಸಲಾಗುತ್ತದೆ.

ಚನ್ನಪಟ್ಟಣದ ಬೊಂಬೆಗಳಿಗೆ ಸಾಂಪ್ರದಾಯಿಕವಾಗಿ ಬಳಸುವ ಹಾಲೆ ಮರ (ಆಲೆ ಮರ) ಮೃದುವಾದುದು, ನಯವಾದ ಎಳೆಯದು, ಕಡೆಯಲು ಸುಲಭ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ಉಜ್ಜಿನ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಕೇದಗೆ ಜಾತಿಯ ಒಣ ಓಲೆಯಿಂದ ಉಜ್ಜಿ ಹೊಳಪು ಬರಿಸಲಾಗುತ್ತದೆ. ಅರಗು ಒಂದು ಜಾತಿಯ ಕೀಟ ಸ್ರವಿಸುವ ರಾಳ. ಆದರೆ ಅರಗು ನೈಸರ್ಗಿಕವಾದ ಮಾತ್ರಕ್ಕೆ ಅದರಲ್ಲಿ ಬೆರೆಸಿದ ಬಣ್ಣವೂ ನಿರಪಾಯಕಾರಿಯೆಂದು ಹೇಳಲಾಗದು. ಮಗು ಬೊಂಬೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ.

ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ 2016ರ ನಿಯಮವು 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ವಾಹನ ಮತ್ತು ಯಂತ್ರೋಪಕರಣಗಳ ಕೈಗಾರಿಕಾ ಬಣ್ಣಗಳು ಈ ನಿಯಮದ ವ್ಯಾಪ್ತಿಯಲ್ಲಿಲ್ಲ. ಹೊಳಪು ಚೆನ್ನಾಗಿ ಬರುತ್ತದೆಂದು ಅಂತಹ ಬಣ್ಣವನ್ನು ಆಟಿಕೆಗೆ ಬಳಿಯುವುದು ಅಪಾಯ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020ರನ್ವಯ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಬಣ್ಣದಿಂದ ಹೊರಬರುವ ಸೀಸ ಮೊದಲಾದ ಧಾತುಗಳ ಮಿತಿಗಳು ಐಎಸ್ 9873ರ 3ನೇ ಭಾಗದಲ್ಲಿವೆ. ಅಭಿವೃದ್ಧಿ ಆಯುಕ್ತರಲ್ಲಿ (ಕರಕುಶಲ) ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರಿಗೂ ಆದೇಶದಲ್ಲಿ ವಿನಾಯಿತಿ ನೀಡಲಾಗಿದೆ. ಈ ವಿನಾಯಿತಿ ಗುರುತಿಗೆ ಸಂಬಂಧಿಸಿದ್ದು. ಬಣ್ಣದ ಆಯ್ಕೆಯ ಹೊಣೆ ತಯಾರಕರ ಮೇಲೆಯೇ ಉಳಿಯುತ್ತದೆ.

ಗಾಜು ಮತ್ತು ಪಿಂಗಾಣಿ

ಇವು ಒತ್ತಡವನ್ನು ಚೆನ್ನಾಗಿ ತಡೆಯುತ್ತವೆ, ಎಳೆತವನ್ನು ತಡೆಯವು. ಬೋರೋಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವ ಪ್ರಮಾಣ ಸಾಮಾನ್ಯ ಗಾಜಿನ ಮೂರನೆಯ ಒಂದು ಭಾಗದ ಆಸುಪಾಸು ಇರುವುದರಿಂದ ಹಠಾತ್ ಬಿಸಿಗೆ ಸೀಳುವುದು ಕಡಿಮೆ.

ಅರ್ಜಿಗಳಲ್ಲಿ ವಸ್ತುವಿನ ವರ್ಗ

ಶುಲ್ಕರಹಿತವಾದ ಉದ್ಯಮ ನೋಂದಣಿಯಲ್ಲಿ ಕೇಳಲಾಗುವ 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವು ಭಾಗಶಃ ವಸ್ತುವನ್ನೇ ಆಧರಿಸಿದೆ: ಮರದ ಉತ್ಪನ್ನಗಳು 16, ರಬ್ಬರ್ ಮತ್ತು ಪ್ಲಾಸ್ಟಿಕ್ 22, ಗಾಜು, ಪಿಂಗಾಣಿ ಮೊದಲಾದವು 23, ಲೋಹದ ಸಿದ್ಧ ವಸ್ತುಗಳು 25ನೇ ವಿಭಾಗ. ಸರಕು ಮತ್ತು ಸೇವಾ ತೆರಿಗೆಯ ಸರಕು ಸಂಕೇತದಲ್ಲಿ ಪ್ಲಾಸ್ಟಿಕ್ 39, ಮರ 44, ಗಾಜು 70, ಕಬ್ಬಿಣ ಮತ್ತು ಉಕ್ಕಿನ ವಸ್ತುಗಳು 73, ಅಲ್ಯೂಮಿನಿಯಂ 76ನೇ ಅಧ್ಯಾಯಕ್ಕೆ ಸೇರುತ್ತವೆ. ಆಟಿಕೆ ಮಾತ್ರ ಮರದ್ದಾದರೂ ಪ್ಲಾಸ್ಟಿಕ್ಕಿನದಾದರೂ 95ನೇ ಅಧ್ಯಾಯಕ್ಕೇ ಸೇರುತ್ತದೆ. ಮರದ ಬೊಂಬೆಯನ್ನು 44ರಲ್ಲಿ ತೋರಿಸುವುದು ತಪ್ಪು. ಹಲವು ವಸ್ತುಗಳು ಕೂಡಿದ್ದಲ್ಲಿ ಉತ್ಪನ್ನಕ್ಕೆ ಅದರ ಮುಖ್ಯ ಸ್ವರೂಪವನ್ನು ನೀಡುವ ವಸ್ತುವನ್ನು ಪರಿಗಣಿಸಲಾಗುತ್ತದೆ. ಪ್ಲಾಸ್ಟಿಕ್ ಮುಚ್ಚಳವಿರುವ ಉಕ್ಕಿನ ಡಬ್ಬಿ ಉಕ್ಕಿನ ವಸ್ತುವೇ.

ವಿನ್ಯಾಸಗಳ ಅಧಿನಿಯಮ 2000ರಡಿ ಪಡೆಯುವ ನೋಂದಣಿಯು ಕಣ್ಣಿಗೆ ತೋರುವ ಆಕಾರ, ಮಾದರಿ, ಅಲಂಕಾರಗಳನ್ನು 10 ವರ್ಷಗಳವರೆಗೆ, ವಿಸ್ತರಣೆಯಾದಲ್ಲಿ ಇನ್ನೂ 5 ವರ್ಷಗಳವರೆಗೆ ರಕ್ಷಿಸುತ್ತದೆ. ವಸ್ತುವಿನ ಆಯ್ಕೆಗೆ ಈ ರಕ್ಷಣೆ ಅನ್ವಯಿಸದು.

ವಸ್ತುವಿನ ಅಂಕಣವನ್ನು "ಸ್ಟೇನ್‌ಲೆಸ್ ಸ್ಟೀಲ್, ದರ್ಜೆ 304, ದಪ್ಪ 0.8 ಮಿ.ಮೀ." ಅಥವಾ "ಹಾಲೆ ಮರ, ತೇವಾಂಶ ಶೇ. 12, ಅರಗಿನ ಲೇಪ" ಎಂಬ ರೀತಿಯಲ್ಲಿ ಭರ್ತಿ ಮಾಡತಕ್ಕದ್ದು. ಸರಬರಾಜುದಾರರ ಪರೀಕ್ಷಾ ಪ್ರಮಾಣಪತ್ರ, ಖರೀದಿ ಬಿಲ್ಲು ಮತ್ತು ಪ್ರತಿ ಕಂತಿನ ಒಂದು ತುಂಡು ಮಾದರಿಯನ್ನು ಕಾಯ್ದಿರಿಸಿಕೊಳ್ಳುವುದು ಸೂಕ್ತ. ಪ್ಲಾಸ್ಟಿಕ್ ಪರೀಕ್ಷೆಗೆ ಮೈಸೂರಿನ ಸಿಪೆಟ್ ಕೇಂದ್ರವನ್ನೂ, ಮರದ ಪರೀಕ್ಷೆಗೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನೂ ಸಂಪರ್ಕಿಸಬಹುದು. ಮಾನಕಗಳು ಹಾಗೂ ಗುಣಮಟ್ಟ ನಿಯಂತ್ರಣ ಆದೇಶಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಪ್ರತಿಯನ್ನು ಭಾರತೀಯ ಮಾನಕ ಬ್ಯೂರೋದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.