ಅಂಜುವಣ್ಣ, ಹಂಜಮಾನ, ಮಹಾನಾಡು: ಭ್ರಾತೃಸಂಘಗಳ ಕೂಟವನ್ನು ಕುರಿತು ಒಂದು ವಿಚಾರ

ತಿರುವನಂತಪುರದಲ್ಲಿ ನಡೆದ ವಿಚಾರಸಂಕಿರಣವೊಂದರಲ್ಲಿ ಭಾಗವಹಿಸಿದ್ದಾಗ, ನಮ್ಮ ಆತಿಥ್ಯ ವಹಿಸಿದ್ದ ಮಿತ್ರರೊಬ್ಬರು ಎರಡನೆಯ ದಿನದ ಗೋಷ್ಠಿಯನ್ನು ಅರ್ಧಕ್ಕೆ ಬಿಟ್ಟು ಕೊಚ್ಚಿಗೆ ಹೊರಟರು. ಅವರು ಫ್ರೀಮೇಸನ್ ಸಂಘದ ಸದಸ್ಯರು. ರಾಜ್ಯದ ಬೇರೆಬೇರೆ ಊರುಗಳ ಲಾಡ್ಜುಗಳಿಂದ ಬಂದ ‘ಸಹೋದರ’ರು ವರ್ಷಕ್ಕೊಮ್ಮೆ ಸೇರುವ ಕೂಟಕ್ಕೆ ತಪ್ಪದೆ ಹೋಗತಕ್ಕವರು. ಹೊರಡುವಾಗ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇದು: “ನಮ್ಮದು ಕಲ್ಲುಕುಟಿಗರ ಶ್ರೇಣಿಯಿಂದ ಹುಟ್ಟಿದ ಸಂಘ. ನಿಮ್ಮ ಕನ್ನಡ ಶಾಸನಗಳಲ್ಲಿ ಇಂಥ ಸಂಘ ಯಾವುದಾದರೂ ಉಂಟೆ?” ನಾವು ಅಯ್ಯಾವೊಳೆಯ ಐನೂರ್ವರ ಹೆಸರನ್ನು ಹೇಳಿ ಅವರನ್ನು ಬೀಳ್ಕೊಟ್ಟೆವು. ಉತ್ತರ ಅಷ್ಟು ಸುಲಭವಾದುದಲ್ಲವೆಂದು ಆಮೇಲೆ ತೋರಿತು. ಪ್ರಸ್ತುತ ಲೇಖನ ಆ ಉತ್ತರವನ್ನು ತಿದ್ದಿಕೊಳ್ಳುವ ಒಂದು ಪ್ರಯತ್ನ.

ಮೊದಲಿಗೆ ಮೇಸನರ ವಿಷಯವನ್ನು ಸಂಕ್ಷೇಪವಾಗಿ ನೋಡಬಹುದು. ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ 1717ರಲ್ಲಿ ಮಹಾಲಾಡ್ಜನ್ನು ಸ್ಥಾಪಿಸಿದವೆಂಬುದು ಸಂಘದ ಸಂಪ್ರದಾಯ. ಈಚಿನ ಕೆಲವು ಇತಿಹಾಸಕಾರರು ಈ ವರ್ಷವನ್ನೇ ಸಂದೇಹಿಸಿ, ಕೆಲವು ವರ್ಷ ಮುಂದಕ್ಕೆ ತರುತ್ತಾರೆ. ಜೇಮ್ಸ್ ಆಂಡರ್ಸನನ ಸಂವಿಧಾನಗ್ರಂಥ 1723ರಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಉಳಿ-ಸುತ್ತಿಗೆಗಳನ್ನು ಹಿಡಿದು ದುಡಿಯುವ ಶಿಲ್ಪಿಗಳು ಸಂಘದಿಂದ ಬಹುಮಟ್ಟಿಗೆ ಮರೆಯಾಗಿ, ಮೂಲೆಗೋಲು, ಕೈವಾರ, ಚರ್ಮದ ಮುಂದುಡುಪುಗಳು ಗಣ್ಯಗೃಹಸ್ಥರ ಲಾಂಛನಗಳಾಗಿ ಉಳಿದಿದ್ದವು. ಭಾರತಕ್ಕೆ ಈ ಸಂಘ ಕಂಪನಿಯ ನೌಕರರೊಡನೆ ಬಂದಿತು. ಕಲ್ಕತ್ತೆಯಲ್ಲಿ 1730ರ ಸುಮಾರಿಗೂ ಮದರಾಸಿನಲ್ಲಿ 1752ರಲ್ಲೂ ಲಾಡ್ಜುಗಳು ಹುಟ್ಟಿದವು. ‘ಎಲ್ಲ ಮನುಷ್ಯರೂ ಸಹೋದರರು’ ಎಂಬ ತತ್ತ್ವವನ್ನು ಸಾರುವ ಸಂಘ, ಈ ನೆಲದವರನ್ನು ಒಳಗೆ ಬಿಟ್ಟುಕೊಳ್ಳಲು ಎಷ್ಟು ತಡಮಾಡಿತೆಂಬುದು ಗಮನಾರ್ಹ. ಕರ್ನಾಟಿಕದ ನವಾಬನ ಮಗ ಉಮ್ದತ್-ಉಲ್-ಉಮ್ರಾ 1770ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ದೀಕ್ಷೆ ಪಡೆದದ್ದು ರಾಜಕಾರಣದ ಮಾತು. ಸಾಮಾನ್ಯರ ಮಾತು ಬೇರೆ. ಪಾರಸೀ ಗೃಹಸ್ಥ ಮಾಣಿಕ್‌ಜೀ ಕರ್ಸೆಟ್‌ಜೀ ಮುಂಬಯಿಯಲ್ಲಿ ಪ್ರವೇಶ ಪಡೆಯಲು 1843ರ ವರೆಗೆ, ಹಿಂದುವಾದ ಪ್ರಸನ್ನಕುಮಾರ ದತ್ತ ಕಲ್ಕತ್ತೆಯಲ್ಲಿ ಪ್ರವೇಶ ಪಡೆಯಲು 1872ರ ವರೆಗೆ ಕಾಯಬೇಕಾಯಿತು. ದತ್ತನ ವಿಷಯದಲ್ಲಿ ಎದ್ದ ಆಕ್ಷೇಪವೆಂದರೆ, ಅನೇಕ ದೇವರುಗಳನ್ನು ಪೂಜಿಸುವವನು ಏಕದೇವನ ಹೆಸರಿನಲ್ಲಿ ಪ್ರಮಾಣ ಮಾಡುವುದು ಹೇಗೆ ಎಂಬುದು. ಇದಾದ ಹನ್ನೆರಡು ವರ್ಷಗಳಿಗೆ, 1884ರಲ್ಲಿ, ನರೇಂದ್ರನಾಥನೆಂಬ ತರುಣ ಕಲ್ಕತ್ತೆಯ ಲಾಡ್ಜೊಂದರಲ್ಲಿ ದೀಕ್ಷೆ ಪಡೆದನು. ಅದೇ ತರುಣ ಸಂನ್ಯಾಸಿಯಾಗಿ 1892ರ ಡಿಸೆಂಬರಿನಲ್ಲಿ ತಿರುವನಂತಪುರಕ್ಕೆ ಬಂದದ್ದು, ಮಲೆಯಾಳದ ಜಾತಿವ್ಯವಸ್ಥೆಯನ್ನು ಕಂಡು ಕಟುವಾಗಿ ನುಡಿದದ್ದು ಎಲ್ಲರೂ ಬಲ್ಲ ಸಂಗತಿ. ಭಾರತದ ಮಹಾಲಾಡ್ಜು ಸ್ವತಂತ್ರವಾಗಿ ಸ್ಥಾಪಿತವಾದದ್ದು 1961ರ ನವೆಂಬರ್ 24ರಂದು. ರಾಮಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಅಧಿಪತಿ. ಕೇರಳದ ಲಾಡ್ಜುಗಳು ಇದರ ದಕ್ಷಿಣ ವಿಭಾಗದೊಳಗೆ ಬರುತ್ತವೆ. ಇಲ್ಲಿಯ ಲಾಡ್ಜುಗಳಲ್ಲಿ ಒಂದಕ್ಕಿಂತ ಹೆಚ್ಚು ಮತಗಳ ಪವಿತ್ರಗ್ರಂಥಗಳನ್ನು ಪೀಠದ ಮೇಲೆ ಇರಿಸಿ, ಅವರವರ ಗ್ರಂಥದ ಮೇಲೆ ಅವರವರು ಪ್ರಮಾಣ ಮಾಡುವ ರೂಢಿಯಿದೆ. ದತ್ತನ ಕಾಲದ ಪ್ರಶ್ನೆಗೆ ಸಿಕ್ಕ ಪ್ರಾಯೋಗಿಕ ಉತ್ತರವಿದು.

ಆದರೆ ಇದೇ ಕರಾವಳಿಯಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ಭಿನ್ನ ಮತದವರು ಒಂದೇ ಪತ್ರಕ್ಕೆ ತಮ್ಮ ತಮ್ಮ ಲಿಪಿಯಲ್ಲಿ ಸಾಕ್ಷಿ ಹಾಕಿದ್ದರು. ಕೊಲ್ಲಂ ತಿರುವನಂತಪುರದ ಉತ್ತರಕ್ಕಿರುವ ರೇವುಪಟ್ಟಣ. ಹಿಂದೆ ವೇಣಾಟಿನ ಕೇಂದ್ರ. ಆ ವೇಣಾಡೇ ಮುಂದೆ ತಿರುವಿದಾಂಕೂರು ರಾಜ್ಯವಾಗಿ ಬೆಳೆಯಿತು. ಕ್ರಿ.ಶ. 849ರಲ್ಲಿ, ಚೇರ ಪೆರುಮಾಳ್ ಸ್ಥಾಣುರವಿಯ ಐದನೆಯ ಆಳ್ವಿಕೆಯ ವರ್ಷದಲ್ಲಿ, ವೇಣಾಟಿನ ಅಯ್ಯನಡಿಗಳ್ ತಿರುವಡಿ ಎಂಬ ಅರಸ ಮರುವಾನ್ ಸಪೀರ್ ಈಶೋ ಕಟ್ಟಿಸಿದ ‘ತರಿಸಾಪಳ್ಳಿ’ ಎಂಬ ಕ್ರೈಸ್ತ ದೇವಾಲಯಕ್ಕೆ ಭೂಮಿಯನ್ನೂ ಹಕ್ಕುಗಳನ್ನೂ ದತ್ತಿಯಾಗಿ ಬಿಟ್ಟನು. ಈ ತಾಮ್ರಪಟಗಳು ವಟ್ಟೆಳುತ್ತು ಲಿಪಿಯಲ್ಲಿವೆ. ದತ್ತಿಯನ್ನು ಕಾಪಾಡುವ ಹೊಣೆಯನ್ನು ‘ಅಂಜುವಣ್ಣಂ’ ಮತ್ತು ‘ಮಣಿಗ್ರಾಮಂ’ ಎಂಬ ಎರಡು ವರ್ತಕ ಸಂಘಗಳಿಗೆ ವಹಿಸಲಾಗಿದೆ. ಕೊನೆಯ ಪಟದಲ್ಲಿ ಸಾಕ್ಷಿಗಳು: ಕೆಲವರ ಹೆಸರು ಅರಬ್ಬಿಯ ಕೂಫೀ ಲಿಪಿಯಲ್ಲಿ, ಕೆಲವರದು ಪಹ್ಲವಿಯಲ್ಲಿ, ಇನ್ನು ಕೆಲವರದು ಹೀಬ್ರೂ ಅಕ್ಷರಗಳಲ್ಲಿ ಬರೆದ ಪಾರಸಿಯಲ್ಲಿ. ಮುಸಲ್ಮಾನರು, ಕ್ರೈಸ್ತರು, ಜರತುಷ್ಟ್ರರ ಅನುಯಾಯಿಗಳು, ಯೆಹೂದ್ಯರು ಎಲ್ಲರೂ ಕ್ರೈಸ್ತ ದೇವಾಲಯವೊಂದರ ದತ್ತಿಗೆ ಸಾಕ್ಷಿಗಳಾಗಿ ನಿಂತಿದ್ದಾರೆ. ದತ್ತಿ ಕೊಟ್ಟವನು ಇವರಲ್ಲಿ ಯಾವ ಮತಕ್ಕೂ ಸೇರಿದವನಲ್ಲ. ಭಾರತದ ಶಾಸನಗಳಲ್ಲಿ ಇಂಥ ಇನ್ನೊಂದು ಪಟವನ್ನು ನಾವು ಕಂಡಿಲ್ಲ.

ಎರಡನೆಯ ಪಟ ಕೊಚ್ಚಿಯದು. ಇದು ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗಿನ ಸ್ವತ್ತು. ಕ್ರಿ.ಶ. ಸುಮಾರು 1000ದಲ್ಲಿ ಪೆರುಮಾಳ್ ಭಾಸ್ಕರರವಿಯು ಮುಯಿರಿಕ್ಕೋಡಿನಲ್ಲಿದ್ದು, ಇಸ್ಸುಪ್ಪು ಇರಪ್ಪಾನ್ ಎಂಬ ಯೆಹೂದ್ಯ ಪ್ರಮುಖನಿಗೆ, ಅಂದರೆ ಜೋಸೆಫ್ ರಬ್ಬಾನನಿಗೆ, ‘ಅಂಜುವಣ್ಣ’ವನ್ನೂ ಎಪ್ಪತ್ತೆರಡು ಬಗೆಯ ಹಕ್ಕುಗಳನ್ನೂ ಕೊಟ್ಟನು. ಹಗಲು ದೀವಟಿಗೆ, ನಡೆಮುಡಿ, ಪಲ್ಲಕ್ಕಿ, ಕೊಡೆ, ಭೇರಿ, ಕಹಳೆ, ತೋರಣ ಮೊದಲಾದವು ಅವುಗಳಲ್ಲಿ ಸೇರಿವೆ. ನಮ್ಮ ಶಾಸನಗಳ ಬಿರುದಾವಳಿಗಳನ್ನು ಓದಿದವರಿಗೆ ಈ ಪಟ್ಟಿ ಅಪರಿಚಿತವೆನಿಸದು. ಹಕ್ಕು ಗಂಡುಮಕ್ಕಳಿಗೆ ಮಾತ್ರವಲ್ಲದೆ ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಸಲ್ಲತಕ್ಕದ್ದೆಂದು ಹೇಳಿದೆ. ಸಾಕ್ಷಿ ಹಾಕಿದ ನಾಡೊಡೆಯರಲ್ಲಿ ವೇಣಾಟಿನ ಗೋವರ್ಧನ ಮಾರ್ತಾಂಡನೂ ಒಬ್ಬ. ಹೀಗೆ ಕೇರಳದ ಉತ್ತರ-ದಕ್ಷಿಣ ಎರಡೂ ಈ ಒಂದು ಪಟದಲ್ಲಿ ಕೂಡುತ್ತವೆ. (ಭಾರತದ ಪ್ರಧಾನಿ 2017ರಲ್ಲಿ ಇಸ್ರೇಲಿಗೆ ಹೋದಾಗ ಅಲ್ಲಿಯ ಪ್ರಧಾನಿಗೆ ಕೊಟ್ಟ ಉಡುಗೊರೆಗಳಲ್ಲಿ ಇಲ್ಲಿಯ ತಾಮ್ರಪಟಗಳ ಪ್ರತಿಕೃತಿಯೂ ಇದ್ದಿತು.)

ಈಗ ‘ಅಂಜುವಣ್ಣ’ ಎಂಬ ಶಬ್ದಕ್ಕೆ ಬರೋಣ. ಹಿಂದಿನ ಪಂಡಿತರು ಇದನ್ನು ‘ಐದು ವರ್ಣ’ವೆಂದು ಬಿಡಿಸಿ, ಪಂಚಾಳರ ಸಂಘವೆಂದೋ ಐದು ಜಾತಿಗಳ ಕೂಟವೆಂದೋ ಅರ್ಥ ಹೇಳುತ್ತಿದ್ದರು. ಗುಂಡರ್ಟ್ ಮೊದಲಾದವರು ಅಂಜುವಣ್ಣವೆಂದರೆ ಯೆಹೂದ್ಯರು, ಮಣಿಗ್ರಾಮವೆಂದರೆ ಕ್ರೈಸ್ತರು ಎಂದು ಹಂಚಿಕೊಟ್ಟರು. ನಾವೂ ತರಗತಿಗಳಲ್ಲಿ ಬಹುಕಾಲ ‘ಐದು ವರ್ಣ’ವನ್ನೇ ಪಾಠ ಹೇಳಿದವರು; ಅದು ತಪ್ಪು. ಈ ಶಬ್ದ ಪಾರಸಿಯ ‘ಅಂಜುಮನ್’ ಎಂಬುದರ ದೇಶೀ ರೂಪವೆಂದೂ, ಪಶ್ಚಿಮ ಏಷ್ಯದಿಂದ ಬಂದ ಎಲ್ಲ ಮತಗಳ ವರ್ತಕರ ಸಂಘಕ್ಕೆ ಅದು ಹೆಸರಾಗಿತ್ತೆಂದೂ ವೈ. ಸುಬ್ಬರಾಯಲು ಮೊದಲಾದ ವಿದ್ವಾಂಸರು ತೋರಿಸಿದ್ದಾರೆ. ‘ಅಂಜುಮನ್’ ಎಂದರೆ ಕೂಟ, ಸಭೆ, ನೆರವಿ. ಸಂಘದ ಹೆಸರೇ ಅದರ ಸಮಾವೇಶದ ಹೆಸರಾಗಿದೆ.

ಕನ್ನಡದ ಸಾಕ್ಷ್ಯ ಇಲ್ಲಿ ಬಹಳ ಬೆಲೆಯುಳ್ಳದ್ದು. ತುಳುನಾಡು ಮತ್ತು ಹೈವದ ಕರಾವಳಿಯ 14–15ನೆಯ ಶತಮಾನಗಳ ಶಾಸನಗಳಲ್ಲಿ ‘ಹಂಜಮಾನ’ ಎಂಬ ವರ್ತಕ ಸಮುದಾಯ ಕಾಣಿಸಿಕೊಳ್ಳುತ್ತದೆ. ಮುಖ್ಯವಾಗಿ ಅದು ಮುಸಲ್ಮಾನ ವರ್ತಕರ ಸಂಘ. ಕನ್ನಡದಲ್ಲಿ ಪಕಾರ ಹಕಾರವಾಗುವುದನ್ನು ಬಲ್ಲವರಿಗೆ ‘ಹಂಜ’ವನ್ನು ‘ಪಂಚ’ದಿಂದ ಸಾಧಿಸಿ, ಮತ್ತೆ ಐದರ ಲೆಕ್ಕಕ್ಕೆ ತರುವ ಆಸೆ ಹುಟ್ಟಬಹುದು. ಆದರೆ ಉತ್ತರ ಕೊಂಕಣದ ಶಿಲಾಹಾರರ 10–11ನೆಯ ಶತಮಾನಗಳ ಸಂಸ್ಕೃತ ತಾಮ್ರಪಟಗಳಲ್ಲಿಯೇ ಪೌರರ ಜತೆಗೆ ‘ಹಂಯಮನ’, ‘ಹಂಜಮನ’ ಎಂಬ ರೂಪಗಳಿವೆ. ಕನ್ನಡದ ಧ್ವನಿವ್ಯತ್ಯಾಸದ ನಿಯಮ ಆ ಸಂಸ್ಕೃತ ಪಟಗಳಿಗೆ ಅನ್ವಯಿಸದು. ಇದಕ್ಕೆ ವಿವರಣೆ ಪಾರಸಿಯ ಇತಿಹಾಸದಲ್ಲಿಯೇ ಇದೆ: ಪಹ್ಲವಿಯಲ್ಲಿ ಈ ಶಬ್ದ ‘ಹಂಜಮನ್’, ಹೊಸ ಪಾರಸಿಯಲ್ಲಿ ಹಕಾರ ಬಿದ್ದುಹೋಗಿ ‘ಅಂಜುಮನ್’ ಆಯಿತು. ಅಂದಮೇಲೆ ಕೊಂಕಣ ಮತ್ತು ಕನ್ನಡ ಕರಾವಳಿಗಳು ಹಳೆಯ ರೂಪವನ್ನು ಉಳಿಸಿಕೊಂಡಿವೆ. ಮಲೆಯಾಳ-ತಮಿಳು ಕರಾವಳಿ ಅದನ್ನು ತನ್ನ ಕಿವಿಗೆ ಹೊಂದುವಂತೆ ‘ಅಂಜು’ ‘ವಣ್ಣ’ಗಳಾಗಿ ಒಡೆದುಕೊಂಡಿತು; ಪಂಡಿತರು ಆ ಜನಪದ ನಿರುಕ್ತಿಯನ್ನು ಶಾಸ್ತ್ರವೆಂದು ನಂಬಿದರು. ಭಟ್ಕಳದಲ್ಲಿ 1919ರಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆಯ ಹೆಸರಿನಲ್ಲಿ ‘ಅಂಜುಮನ್’ ಇದೆ. ಅದು ಹೊಸದಾಗಿ ಉರ್ದುವಿನ ಮೂಲಕ ಬಂದ ಶಬ್ದ. ಆದರೂ ಅದೇ ನೆಲದ ಮೇಲೆ ಐದಾರು ಶತಮಾನಗಳ ಹಿಂದೆ ಅದರ ಅಣ್ಣ ಓಡಾಡುತ್ತಿದ್ದನು.

ನಾವು ಮಿತ್ರರಿಗೆ ಹೇಳಿದ ಐನೂರ್ವರ ಕಥೆ ಇದಕ್ಕಿಂತ ಭಿನ್ನ. ಐಹೊಳೆಯಲ್ಲಿ ಹುಟ್ಟಿದ ಈ ಸಂಘ ‘ವೀರಬಣಂಜು ಧರ್ಮ’ವನ್ನು ಪಾಲಿಸುವುದಾಗಿ ಹೇಳಿಕೊಂಡಿತು. ಅಯ್ಯಾವೊಳೆಯ ಭಗವತಿ ಅದರ ಕುಲದೇವತೆ, ‘ಗುಡ್ಡಧ್ವಜ’ ಅದರ ಲಾಂಛನ. ಶಿಕಾರಿಪುರ ತಾಲ್ಲೂಕಿನ 1054ರ ಶಾಸನದ ಪ್ರಶಸ್ತಿಯಲ್ಲಿ ಚೇರ, ಚೋಳ, ಪಾಂಡ್ಯ, ಮಲೆಯ, ಮಗಧ ಮೊದಲಾದ ದೇಶಗಳಲ್ಲಿ ಸಂಚರಿಸುವವರೆಂದೂ ಆನೆ, ಕುದುರೆ, ರತ್ನ, ಗಂಧದ್ರವ್ಯಗಳ ವ್ಯಾಪಾರಿಗಳೆಂದೂ ತಮ್ಮನ್ನು ತಾವು ಬಣ್ಣಿಸಿಕೊಂಡಿದ್ದಾರೆ. ಇವರ ವ್ಯಾಪ್ತಿ ಸಮುದ್ರದಾಚೆಗೂ ಇತ್ತು: ಸುಮಾತ್ರದ ಬಾರುಸ್ ಬಳಿಯ 1088ರ ತಮಿಳು ಶಾಸನ ಐನೂರ್ವರದು, ಬರ್ಮಾದ ಪಗಾನಿನ ‘ನಾನಾದೇಶಿ ವಿಣ್ಣಗರ’ಕ್ಕೆ ಮಂಟಪ ಕಟ್ಟಿಸಿದವನು ಕೇರಳದ ಮಹೋದಯಪಟ್ಟಣದ ವರ್ತಕ. ಇವರು ಸೇರುವ ದೊಡ್ಡ ಕೂಟಕ್ಕೆ ‘ಮಹಾನಾಡು’ ಎಂದು ಹೆಸರು. ಹಲವು ನಾಡುಗಳ ಸೆಟ್ಟಿಗಳು, ಗವರೆಗಳು, ಮುಮ್ಮುರಿದಂಡರು ಒಂದೆಡೆ ನೆರೆದು, ದೇವಾಲಯಕ್ಕೆ ಹೇರೊಂದಕ್ಕೆ ಇಷ್ಟೆಂದು ತಮ್ಮ ಮೇಲೆ ತಾವೇ ಸುಂಕ ವಿಧಿಸಿಕೊಳ್ಳುತ್ತಿದ್ದರು. ಇದು ವರ್ಷಕ್ಕೊಮ್ಮೆ ಗೊತ್ತಾದ ತಿಥಿಯಲ್ಲಿ ನಡೆಯುತ್ತಿದ್ದಿತೆಂದು ಹೇಳಲಾಗದು; ಸಂಕ್ರಮಣವೋ ಗ್ರಹಣವೋ ಪ್ರತಿಷ್ಠೆಯೋ ನಿಮಿತ್ತವಾಗುತ್ತಿದ್ದಿತು. ಹಣ ಕೂಡಿಸುವುದು, ಧರ್ಮಕಾರ್ಯಕ್ಕೆ ಬಿಡುವುದು, ಬಿರುದುಗಳನ್ನು ಓದಿಸುವುದು—ಇಷ್ಟರ ಮಟ್ಟಿಗೆ ಕೊಚ್ಚಿಯ ಕೂಟಕ್ಕೂ ಮಹಾನಾಡಿಗೂ ಹೋಲಿಕೆಯನ್ನು ಹೇಳಬಹುದು. ಆದರೆ ಐನೂರ್ವರು ತಮ್ಮನ್ನು ಒಂದು ವಂಶವಾಗಿ ಕಲ್ಪಿಸಿಕೊಂಡವರು. ವಾಸುದೇವ-ಖಂಡಳಿ-ಮೂಲಭದ್ರರ ಸಂತತಿಯೆಂಬುದು ಅವರ ಹೆಮ್ಮೆ. ಅಂಜುವಣ್ಣಕ್ಕೆ ಅಂಥ ವಂಶಕಲ್ಪನೆಯಿಲ್ಲ. ಅಪರಿಚಿತರು ಅಪರಿಚಿತ ನೆಲದಲ್ಲಿ ಒಬ್ಬರನ್ನೊಬ್ಬರು ನಂಬಬೇಕಾದ ಅಗತ್ಯವೇ ಅದರ ಬಂಧ. ಮಿತ್ರರ ಪ್ರಶ್ನೆಗೆ ಹತ್ತಿರದ ಉತ್ತರ ನಾವು ಹೇಳಿದ ಐನೂರ್ವರಲ್ಲ. ಅವರು ಹೊರಟಿದ್ದ ಕೊಚ್ಚಿಯಲ್ಲಿಯೇ ಇದ್ದ ಪಟದ ಅಂಜುವಣ್ಣ.

ಇಷ್ಟಾದರೂ ತರಿಸಾಪಳ್ಳಿಯ ಪಟವನ್ನು ಸರ್ವಮತ ಸಹೋದರತ್ವದ ದಾಖಲೆಯೆಂದು ಹಾಡಿಹೊಗಳಲು ನಾವು ಹಿಂಜರಿಯುತ್ತೇವೆ. ಸಾಕ್ಷಿಗಳ ಹೆಸರುಗಳನ್ನು ಬೆರಗಿನಿಂದ ಓದುವವರು ಪಟದ ಮೊದಲ ಭಾಗವನ್ನು ಅವಸರದಿಂದ ದಾಟಿಬಿಡುತ್ತಾರೆ. ಅಲ್ಲಿ ದೇವಾಲಯಕ್ಕೆ ಭೂಮಿಯ ಜತೆಗೆ ಜನರನ್ನೂ ಬಿಟ್ಟುಕೊಡಲಾಗಿದೆ: ಈಳವರ ಮನೆಗಳು, ಅಗಸರು, ಬಡಗಿಗಳು, ವೆಳ್ಳಾಳ ರೈತರು. ಈಳವರಿಗೆ ತಲೆಗಂದಾಯವನ್ನೂ, ಮರ ಹತ್ತುವ ಏಣಿಯ ಮೇಲಿನ ಕರವನ್ನೂ ಬಿಟ್ಟಿರುವುದು ಉಪಕಾರವೇ ಸರಿ. ಆದರೆ ಅವರ ಅಪರಾಧಗಳನ್ನು ವಿಚಾರಿಸುವ ಅಧಿಕಾರವೂ ದೇವಾಲಯಕ್ಕೆ ಹೋಯಿತು. ಸಾಕ್ಷಿ ಹಾಕಿದವರಲ್ಲಿ ಇವರು ಯಾರೂ ಇಲ್ಲ. ಕಡಲಾಚೆಯವನು ಸಹೋದರನಾದನು, ಕಟ್ಟಡಕ್ಕೆ ತೊಲೆ ಕೆತ್ತಿದವನು ದತ್ತಿಯ ವಸ್ತುವಾದನು. ಮೇಸನರ ಸಂಘದಲ್ಲಿ ಮೂಲೆಗೋಲು ಉಳಿದು, ಅದನ್ನು ಹಿಡಿದ ಕೈ ಮರೆಯಾದದ್ದನ್ನು ಹಿಂದೆ ಹೇಳಿದೆವು. ಕೊಲ್ಲಮಿನಲ್ಲಿ ಆ ಕೈ ಒಳಗೆ ಬರಲೇ ಇಲ್ಲ.

ಇದರೆದುರಿಗೆ ಇಡಬಹುದಾದ ಒಂದು ಕನ್ನಡ ಶಾಸನ ನಮ್ಮ ನೆನಪಿಗೆ ಬರುತ್ತದೆ. ಪಟ್ಟದಕಲ್ಲಿನಲ್ಲಿ, ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯದ (ಇಂದಿನ ವಿರೂಪಾಕ್ಷದ) ಮಹಾದ್ವಾರದಲ್ಲಿ, ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ಪೆರ್ಜೆರೆಪು’ ಎಂಬ ಪಟ್ಟದ ಗೌರವ ಸಂದುದು ದಾಖಲಾಗಿದೆ. ಫ್ಲೀಟರು ಓದಿದಂತೆ, ಆ ನಾಡಿನ ಕುಶಲಕರ್ಮಿಗಳನ್ನು ಬಹಿಷ್ಕಾರದಿಂದ ಬಿಡಿಸಿದ ಕೀರ್ತಿಯೂ ಅಲ್ಲಿ ಹೇಳಿರುವ ಸಾಧನೆಗಳಲ್ಲಿ ಸೇರಿದೆ. ಬಹಿಷ್ಕಾರಕ್ಕೆ ಕಾರಣವೇನೆಂಬುದನ್ನು ಕಲ್ಲು ಹೇಳುವುದಿಲ್ಲ. ಬಹುಕಾಲ ಈ ಪಂಕ್ತಿಯನ್ನು ನಾವು ವಾಸ್ತುಶಿಲ್ಪದ ಇತಿಹಾಸಕ್ಕೆ ಮಾತ್ರ ಸೇರಿದ್ದೆಂದು ತಿಳಿದು ಪಕ್ಕಕ್ಕಿಟ್ಟಿದ್ದೆವು. ಕೊಚ್ಚಿಯಿಂದ ಮರಳಿದ ಮಿತ್ರರಿಗೆ ಬರೆದ ಕಾಗದದಲ್ಲಿ ತರಿಸಾಪಳ್ಳಿಯ ಸಾಕ್ಷಿಗಳ ಪಟ್ಟಿಯ ಕೆಳಗೆ ಇದನ್ನೂ ನಕಲು ಮಾಡಿ ಕಳುಹಿಸಿದೆವು.