ಹಿಬ್ಬಿಂಗ್ ಹೈಸ್ಕೂಲು: ಅದಿರಿನ ದುಡ್ಡಲ್ಲಿ ಎದ್ದ ಶಾಲೆ

ಅಮೆರಿಕದ ಮಿನೆಸೋಟಾ ರಾಜ್ಯದ ಉತ್ತರಕ್ಕೆ, ಮೆಸಾಬಿ ಎಂಬ ಕಬ್ಬಿಣದ ಅದಿರಿನ ಸಾಲಿನ ಮೇಲೆ ಕೂತ ಊರು ಹಿಬ್ಬಿಂಗ್. ಜನಸಂಖ್ಯೆ ಸುಮಾರು 16 ಸಾವಿರ. ಇಷ್ಟು ಚಿಕ್ಕ ಊರಿನ ಸರ್ಕಾರಿ ಹೈಸ್ಕೂಲು ಅರಮನೆಯಂತೆ ಏಕಿದೆ ಎಂಬುದಕ್ಕೆ ಉತ್ತರ ಊರ ನೆಲದಡಿಯಲ್ಲೇ ಇದೆ.

ಅದಿರು ಹುಡುಕುತ್ತ ಬಂದ ಜರ್ಮನ್ ಮೂಲದ ಫ್ರಾಂಕ್ ಹಿಬ್ಬಿಂಗ್ 1893ರಲ್ಲಿ ಊರು ಕಟ್ಟಿದ. ಆತ ಬೀದಿಗಳಿಗೆ ಗುರುತು ಹಾಕಿದ ಜಾಗದ ಕೆಳಗೂ ಅದಿರಿತ್ತು. ಹಲ್-ರಸ್ಟ್-ಮಹೋನಿಂಗ್ ಗಣಿಯ ಹೊಂಡ ಅಗಲವಾಗುತ್ತ ಮನೆಬಾಗಿಲಿಗೇ ಬಂದಾಗ, ಊರನ್ನೇ ಎತ್ತಿಡುವ ಕೆಲಸ ಶುರುವಾಯಿತು. 1919ರಿಂದ ಮೊದಲ್ಗೊಂಡು ಸುಮಾರು 200 ಕಟ್ಟಡಗಳನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿ, ಉಗಿಯಂತ್ರಗಳಿಂದ ಎಳೆಸಿ, ದಕ್ಷಿಣಕ್ಕೆ ಎರಡು ಮೈಲಿ ದೂರದ ಆಲಿಸ್ ಎಂಬಲ್ಲಿಗೆ ಸಾಗಿಸಿದರು. ಸೆಲರ್ಸ್ ಹೋಟೆಲು ದಾರಿಯಲ್ಲೇ ಜಾರಿ ಬಿದ್ದು ಪುಡಿಯಾಯಿತು.

ಊರವರು ಸುಮ್ಮನೆ ಎದ್ದು ಹೋದವರಲ್ಲ. ವಕೀಲರೂ ಆಗಿದ್ದ ಮೇಯರ್ ವಿಕ್ಟರ್ ಪವರ್ ತೆರಿಗೆಯ ವಿಷಯದಲ್ಲಿ ಗಣಿ ಕಂಪನಿಗಳೊಂದಿಗೆ ವರ್ಷಗಟ್ಟಲೆ ಜಗ್ಗಾಡಿದರು. ಅಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ರೈಲು ಹತ್ತುವ ಮುನ್ನವೇ ಅದರಲ್ಲಿ ಊರಿನ ಪಾಲು ತೆಗೆದಿಡಬೇಕಿತ್ತು. ಹಾಗೆ ಬಂದ ಪಾಲಿನ ದೊಡ್ಡ ಗಂಟು ಹೊಸ ಊರಿನ ಹೈಸ್ಕೂಲಿಗೆ ಹೋಯಿತು. 1920ರಲ್ಲಿ ಆರಂಭವಾದ ಕಟ್ಟಡಕ್ಕೆ ತಗಲಿದ್ದು ಸುಮಾರು 40 ಲಕ್ಷ ಡಾಲರ್. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ.

ಇಂಗ್ಲಿಷಿನ ಇ ಅಕ್ಷರದ ಆಕಾರದಲ್ಲಿರುವ ಇಟ್ಟಿಗೆ ಕಟ್ಟಡ ಹೊರಗಿನಿಂದ ಕೋಟೆಯಂತೆ ಕಾಣುತ್ತದೆ. ಒಳಗೆ ಹೋದರೆ ಹಿತ್ತಾಳೆಯ ಕಂಬಿ ಹಿಡಿದು ಮೆಟ್ಟಿಲು ಹತ್ತಬೇಕು. ಎಲ್ಲಕ್ಕಿಂತ ಮಿಗಿಲಾದದ್ದು ಸಭಾಂಗಣ. ನ್ಯೂಯಾರ್ಕಿನ ಕ್ಯಾಪಿಟಲ್ ಥಿಯೇಟರಿನ ಮಾದರಿಯಲ್ಲಿ ಕಟ್ಟಿದ ಇಲ್ಲಿ 1,800ಕ್ಕೂ ಹೆಚ್ಚು ಆಸನಗಳಿವೆ. ತಲೆಯ ಮೇಲೆ ಕೆತ್ತನೆಗಾಜಿನ ತೂಗುದೀಪಗಳು. ಮೂಕಿಚಿತ್ರಗಳ ಕಾಲದ ನಾಟಕಶಾಲೆಗಳಲ್ಲಿರುತ್ತಿದ್ದಂಥ, ಸುಮಾರು ಎರಡು ಸಾವಿರ ಕೊಳವೆಗಳ ಬಾರ್ಟನ್ ಆರ್ಗನ್ ವಾದ್ಯವೂ ಇದೆ. ಪಾಠ ಕೇಳಲು ಇಷ್ಟೆಲ್ಲ ಬೇಕಿರಲಿಲ್ಲ, ನಿಜ. ಆದರೆ ಇಲ್ಲಿ ಕೂತವರು ಫಿನ್ಲೆಂಡ್, ಇಟಲಿ, ಸ್ಲೊವೇನಿಯಾ ಕಡೆಯಿಂದ ಬಂದು ಗಣಿಗಿಳಿದವರ ಮಕ್ಕಳು. ಗ್ರಂಥಾಲಯದ ಗೋಡೆಯುದ್ದಕ್ಕೂ ಡೇವಿಡ್ ವರ್ಕ್‌ಮನ್ ಬರೆದ ಭಿತ್ತಿಚಿತ್ರದಲ್ಲಿರುವವರೂ ಅರಸರಲ್ಲ, ಅದಿರು ಅಗೆಯುವ ವಲಸಿಗರು. ಓದುತ್ತ ತಲೆಯೆತ್ತಿದ ಹುಡುಗನಿಗೆ ಕಾಣುತ್ತಿದ್ದುದು ಅಪ್ಪನ ಕಸುಬು.

ಈ ಸಭಾಂಗಣದ ವೇದಿಕೆಯ ಮೇಲೆ 1958ರಲ್ಲಿ ರಾಬರ್ಟ್ ಝಿಮ್ಮರ್‌ಮನ್ ಎಂಬ ವಿದ್ಯಾರ್ಥಿ ತನ್ನ ತಂಡದೊಂದಿಗೆ ರಾಕ್ ಅಂಡ್ ರೋಲ್ ಹಾಡಿದ. ಅವನ ಬಡಿತಕ್ಕೆ ಪಿಯಾನೋದ ಪೆಡಲು ಮುರಿಯಿತೆಂಬುದು ಊರಲ್ಲಿ ಇಂದಿಗೂ ಓಡಾಡುವ ಕಥೆ. 1959ರ ಶಾಲಾ ವಾರ್ಷಿಕ ಸಂಚಿಕೆಯಲ್ಲಿ, ಗಾಯಕ ಲಿಟಲ್ ರಿಚರ್ಡ್ ಜೊತೆ ಸೇರುವುದು ತನ್ನ ಗುರಿಯೆಂದು ಅವನು ಬರೆಸಿದ್ದ. ಬಾಬ್ ಡಿಲನ್ ಎಂಬ ಹೆಸರಲ್ಲಿ ಅವನಿಗೆ 2016ರ ಸಾಹಿತ್ಯದ ನೊಬೆಲ್ ಬಂತು. ಬಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಮೆಕ್‌ಹೇಲ್ ಕೂಡ ಇಲ್ಲಿಯವರೇ.

ಉತ್ತಮ ಅದಿರು ಕರಗಿದ ಮೇಲೆ ಮೆಸಾಬಿಯ ಗಣಿಗಳು ಟ್ಯಾಕೊನೈಟ್ ಎಂಬ ಕಡಿಮೆ ಕಬ್ಬಿಣಾಂಶದ ಕಲ್ಲಿಗೆ ಕೈಹಾಕಿದವು. ಆದರೆ ಆ ಉತ್ತಮ ಅದಿರಿನ ದುಡ್ಡಲ್ಲಿ ಎದ್ದ ಶಾಲೆ ಉಳಿಯಿತು; 1980ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ತರಗತಿಗಳು ಈಗಲೂ ಅದೇ ಕಟ್ಟಡದಲ್ಲಿ ನಡೆಯುತ್ತವೆ.